ಹಾಳೂರ ಗೌಡ

ನಿಂಗಪ್ಪ ಕಾಕಾನ ಮೀಸೆ ಯಾವಾಗಲೂ ಒಂದೇ ಕಡೆ ಸುಟ್ಟಿರುತ್ತಿತ್ತು. ಎಡಗಡೆಯದು ಹುರಿಗೊಂಡು ಕೆನ್ನೆಯ ಮೇಲೆ ಠೀವಿಯಿಂದ ಕೂತಿದ್ದರೆ, ಬಲಗಡೆಯದು ಕುರುಚಲಾಗಿ ತುದಿಯಲ್ಲಿ ಕೆಂಚಗೆ ಸೀದಿರುತ್ತಿತ್ತು. ನೋಡಿದವರಿಗೆ ಅರ್ಧ ಮುಖ ಗೌಡರದು, ಅರ್ಧ ಮುಖ ಅಡುಗೆಯವನದು ಅನ್ನಿಸಬೇಕು. ಕೆಂಡ ಊದಿ ಊದಿ ಆದದ್ದು ಅದು. ಕೈಯಲ್ಲಿ ಕಂಠ ಒಡೆದ ಒಂದು ಗಡಿಗೆ, ಅದರಲ್ಲಿ ಬೂದಿ ಮುಚ್ಚಿದ ಕೆಂಡ. ಸ್ವಲ್ಪ ದೂರ ನಡೆದು ನಿಲ್ಲುವುದು, ತಲೆ ಓರೆ ಮಾಡಿ ಊದುವುದು, ಮತ್ತೆ ನಡೆಯುವುದು. "ಇನ್ನೊಂದ ಕಡೆಯಿಂದನೂ ಊದ್ರಿ ಕಾಕಾ, ಎರಡೂ ಸಮಾ ಆಗ್ತಾವ" ಎಂದು ನಾನು ಒಮ್ಮೆ ಚೇಷ್ಟೆ ಮಾಡಿದ್ದೆ. "ಒಂದರ ಇರ್ಲಿ ತಂಗಿ, ನಮ್ಮೂರ ಪಂಚರು ಕೂಡಿದಾಗ ತಿರುವಾಕ ಬೇಕಲ್ಲ" ಎಂದರು. ಅವರ ಊರಿನಲ್ಲಿ ಆಗ ಪಂಚರ ಮಾತಿರಲಿ, ಬೊಗಳಲು ಒಂದು ನಾಯಿಯೂ ಇರಲಿಲ್ಲ.

ಆ ಊರಿನ ಹೆಸರು ಜೇನಕೊಪ್ಪ. ನಮ್ಮ ಮಳಗಿಯಿಂದ ಹಳ್ಳ ದಾಟಿ, ತೇಗಿನ ಕಾಡಿನ ಒಂದು ತುಣುಕು ಹಾದರೆ ಸಿಗುತ್ತಿತ್ತು. ನಾನು ಧಾರವಾಡದಿಂದ ಲಗ್ನವಾಗಿ ಬರುವ ಮೊದಲೇ ಚಳಿಜ್ವರ ಅದನ್ನು ತಿಂದು ಮುಗಿಸಿತ್ತು. ಸತ್ತವರು ಸತ್ತಿದ್ದರು, ಉಳಿದವರು ದನ ಹೊಡೆದುಕೊಂಡು ಎತ್ತಲೋ ಹೋಗಿದ್ದರು. ಮುಂಡಗೋಡ, ಹಳಿಯಾಳ, ಸೂಪಾ ಕಡೆ ಆಗ ಇಂಥ ಊರುಗಳಿಗೆ ಬರವಿರಲಿಲ್ಲ. ಸೂಪಾಕ್ಕೆ ಬದಲಿಯಾಯಿತೆಂದರೆ ಸರಕಾರಿ ನೌಕರರ ಹೆಂಡಂದಿರು ಕುಂಕುಮದ ಭರಣಿ ಹಿಡಿದುಕೊಂಡು ಅಳುತ್ತಿದ್ದರು. ಮಳಗಿಯಲ್ಲಿ ನಾವೂ ನವರಾತ್ರಿಯಿಂದ ಸಂಕ್ರಾಂತಿಯವರೆಗೆ ಪಾಳಿಯ ಮೇಲೆ ನಡುಗುತ್ತಿದ್ದೆವು. ಅತ್ತೆ ಎದ್ದ ದಿನ ನಾನು ಮಲಗುತ್ತಿದ್ದೆ. ಆದರೂ ಮಳಗಿಯಲ್ಲಿ ಗಂಜಿ ಕಾಯಿಸಿ ಕೊಡಲು ಯಾರಾದರೂ ಇರುತ್ತಿದ್ದರು. ಜೇನಕೊಪ್ಪ ಎಂಬ ಹೆಸರನ್ನೇ ಜನ ಬಿಟ್ಟು ಹಾಳೂರು ಎಂದು ಕರೆಯುತ್ತಿದ್ದರು.

ಆ ಹಾಳೂರಿಗೆ ಹೆಂಡತಿ ಗಂಗವ್ವನನ್ನು ಕರೆದುಕೊಂಡು ಬಂದಾಗ ಕಾಕಾಗೆ ನಲವತ್ತೈದು ದಾಟಿತ್ತು. ಹಳಿಯಾಳದ ಕಡೆಯವರು. ತಂದೆ ಬೇಗ ಹೋದದ್ದರಿಂದ ತಮ್ಮಂದಿರನ್ನು ತಾವೇ ಬೆಳೆಸಿದವರು. ದಾಂಡೇಲಿ ಕಾಡಿನಿಂದ ಡಿಪೋಕ್ಕೆ ಮರ ಎಳೆಯುವ ಗಾಡಿ ಹೊಡೆದು, ಹುಲ್ಲಿನ ಮನೆಗೆ ಹಂಚು ಹೊದಿಸಿ, ಒಬ್ಬೊಬ್ಬ ತಮ್ಮನ ಲಗ್ನ ಮಾಡಿದವರು. ತಮಗೆ ಮಕ್ಕಳಾಗಲಿಲ್ಲ. ತಮ್ಮಂದಿರ ಮಕ್ಕಳೇ ತಮ್ಮವೆಂದುಕೊಂಡು, ಮುಪ್ಪಿನಲ್ಲಿ ಆ ಹಂಚಿನ ಕೆಳಗೆ ಮೊಮ್ಮಕ್ಕಳನ್ನು ಆಡಿಸುವ ಲೆಕ್ಕ ಹಾಕಿಕೊಂಡಿದ್ದರು. ಮನೆ ಪಾಲಾಗುವ ದಿನ ಕಿರಿಯ ತಮ್ಮ, ಇವರು ಹೆಗಲ ಮೇಲೆ ಹೊತ್ತು ತಿರುಗಿದವನು, ಪಂಚರ ಮುಂದೆ ಹೇಳಿದನಂತೆ: "ಮಕ್ಕಳಿಲ್ಲದವಗ ಮನಿ ಯಾಕ? ಇರೂತನಕ ಒಂದ ಮೂಲ್ಯಾಗ ಇರ್ಲಿ." ಪಂಚರು ನೆಲ ನೋಡುತ್ತ ಕೂತರಂತೆ. ಕಾಕಾ ಎದ್ದು ಎತ್ತು ಹೂಡಿ, ನೇಗಿಲು ಗಾಡಿಗೆ ಹಾಕಿ, ಗಂಗವ್ವನನ್ನು ಹತ್ತಿಸಿಕೊಂಡು ಹೊರಟರು. ಊರಬಾಗಿಲ ಅಗಸಿ ದಾಟುವಾಗ ತಿರುಗಿ, "ಮನಿ ಯಾಕ ಅಂದ್ರಲ್ಲ, ನಾ ಊರ ಕಟ್ತೀನಿ" ಎಂದರಂತೆ. ಸಿಟ್ಟಿನಲ್ಲಿ ಆಡಿದ್ದನ್ನು ಜನ ಮರುದಿನ ಮರೆಯುತ್ತಾರೆ. ಇವರು ಮಾತ್ರ ಅದನ್ನೇ ಬುತ್ತಿ ಕಟ್ಟಿಕೊಂಡು ಬಂದರು.

ಮೊದಲ ಸಲ ನಮ್ಮ ಅಂಗಳದಲ್ಲಿ ಗಾಡಿ ನಿಲ್ಲಿಸಿದ್ದು ದೀಪ ಹಚ್ಚುವ ಹೊತ್ತಿಗೆ. ಮಳಗಿಯಲ್ಲಿ ಹಳ್ಳದ ಕಡೆಯ ಕೊನೆಯ ಮನೆ ನಮ್ಮದು. ಗಡಿಗೆ ಮುಂದೆ ಹಿಡಿದು ಒಂದಿಷ್ಟು ಕೆಂಡ ಕೇಳಿದರು. ನನ್ನ ಅತ್ತೆಯ ನಾಲಿಗೆ ಊರಿಗೇ ಗೊತ್ತಿತ್ತು.

"ದೀಪಾ ಹಚ್ಚೂ ಹೊತ್ತಿನ್ಯಾಗ ಮನಿ ಬೆಂಕಿ ಯಾರರ ಹೊರಗ ಕೊಡ್ತಾರೇನಪಾ? ಲಕ್ಷ್ಮೀನ ಗಡಿಗ್ಯಾಗ ತುಂಬಿ ಕಳಿಸಿಧಂಗ ಆಗ್ತೈತಿ."

"ಖರೆ ಐತ್ರಿ ಅವ್ವಾರ. ಮುಂಜಾನಿ ಬರ್ತೀನಿ" ಎಂದು ತಿರುಗಿದರು. ಮುಂಜಾನೆ ನಾನು ಕಸ ಹೊಡೆಯಲು ಬಂದರೆ, ಗಂಡ ಹೆಂಡತಿ ನಮ್ಮ ಬೇಲಿಯ ಹೊರಗೆ ಗಾಡಿಯ ಕೆಳಗೇ ರಾತ್ರಿ ಕಳೆದು ಎದ್ದು ಕೂತಿದ್ದರು. ಅತ್ತೆಗೆ ಕರುಳು ಚುರ್ ಎಂದಿರಬೇಕು. ಆದರೆ ಬಾಯಿ ಸುಮ್ಮನಿರಬೇಕಲ್ಲ. "ಒಂದ ಕಡ್ಡಿಪೆಟ್ಟಿಗಿ ಕೊಂಡಿದ್ರ ಆಗ್ತಿದ್ದಿಲ್ಲೇನೋ?" ಎಂದರು.

"ಕಡ್ಡಿಪೆಟ್ಟಿಗಿ ಬೆಂಕಿ ಬೀಡಿಗೆ ಸಾಕ್ರಿ. ಹಾಳಬಿದ್ದ ಊರಿನ ಒಲಿಗೆ ಜೀವಂತ ಊರಿನ ಬೆಂಕೀನ ಬೇಕು. ನಮ್ಮ ಹಿರ್‍ಯಾರು ಹಂಗ ಹೇಳ್ಯಾರ."

"ಈ ವಯಸ್ಸಿನ್ಯಾಗ ಇದೆಲ್ಲಾ ನಿನಗ ಬೇಕಾಗಿತ್ತಾ ನಿಂಗಪ್ಪ?"

"ಮುಂಗಾರಿ ಹ್ವಾತ್ರಿ ಅವ್ವಾರ. ಹಿಂಗಾರಿ ಬಿತ್ತಾಕ ಬಂದೀನಿ."

ಅತ್ತೆ ಒಲೆಯ ಬೂದಿ ಸರಿಸಿ, ದೊಡ್ಡ ಕೆಂಡಗಳನ್ನೇ ಆರಿಸಿ ಗಡಿಗೆಗೆ ಹಾಕಿದರು. ಕಾಕಾ ಹೋಗುತ್ತ ಹೋಗುತ್ತ, "ಬರ್ರಿ ನಮ್ಮೂರಿಗೆ, ಮನಿ ಭಾಳ ಅದಾವ" ಎಂದರು. ಆಮೇಲೆ ಎಷ್ಟೋ ವರ್ಷ, ಎಲ್ಲಿ ಯಾರನ್ನು ಬೀಳ್ಕೊಂಡರೂ ಇದೊಂದು ಮಾತು ಹೇಳದೆ ಅವರು ಹೆಜ್ಜೆ ಎತ್ತಿಡುತ್ತಿರಲಿಲ್ಲ. ಮುಂಡಗೋಡದ ಸಂತೆಯಲ್ಲಿ ಮೆಣಸಿನಕಾಯಿ ಮಾರುವವರ ಸಾಲಿನಲ್ಲಿ ನಿಂತು ಇದನ್ನೇ ಕೂಗುತ್ತಿದ್ದರು. ಕಂದಾಯದ ಮಹಾಲಕರಿ ಕಚೇರಿಯವರು ಹಾಳು ಜಮೀನು ಉಳಲು ಯಾರಾದರೂ ಸಿಕ್ಕರೆ ಸಾಕೆಂದು ಕೇಳಿದವರಿಗೆಲ್ಲ ಕೊಡುತ್ತಿದ್ದರು. ಕೇಳುವವರೇ ಇರಲಿಲ್ಲ.

ಇನ್ನು ಅವರು ಅಲ್ಲಿ ಮಾಡುತ್ತಿದ್ದ ಕೆಲಸ. ಗಂಡ ಹೆಂಡತಿಗೆ ಒಂದು ಮನೆ ಸಾಲದೇ? ಕಾಕಾ ಗೋಡೆ ನಿಂತಿದ್ದ ಮನೆಗಳಿಗೆಲ್ಲ ಹುಲ್ಲು ಹೊದಿಸಿದರು. ಹೊದಿಸಿದ ಮೇಲೆ ದಿನಾ ಬೆಳಿಗ್ಗೆ ಗಡಿಗೆಯಲ್ಲಿ ಕೆಂಡ ಹಿಡಿದು ಮನೆಯಿಂದ ಮನೆಗೆ ಹೋಗಿ ಒಂದೊಂದು ಒಲೆಯಲ್ಲೂ ಒಣ ಪುರಳೆಕಡ್ಡಿ ಹಾಕಿ ಬೆಂಕಿ ಮಾಡುತ್ತಿದ್ದರು. ಪ್ರತಿ ಮನೆಯ ಅಂಗಳದಲ್ಲಿ ದನಕ್ಕೆ ನೀರು ಕುಡಿಸುವ ಕಲ್ಲುಬಾನಿಯೊಂದಿತ್ತು. ಹಳ್ಳದಿಂದ ನೀರು ಹೊತ್ತು ಆ ಬಾನಿಗಳನ್ನೆಲ್ಲ ಕಂಠದವರೆಗೆ ತುಂಬುತ್ತಿದ್ದರು. "ಒಲ್ಯಾಗ ಬೆಂಕಿ, ಬಾನ್ಯಾಗ ನೀರು ಇದ್ರ ಮನಿ ಸತ್ತಿಲ್ಲ ಅಂತ ತಿಳಿ ತಂಗಿ. ನಾಳಿ ಯಾರರ ಬಂದ್ರ ತಣ್ಣಗಿನ ಒಲಿ, ಒಣಗಿದ ಬಾನಿ ತೋರಸೂದೇನು?" ಎನ್ನುತ್ತಿದ್ದರು. ನಮ್ಮ ಹಿತ್ತಲಲ್ಲಿ ನಿಂತರೆ ತೇಗಿನ ಮರಗಳ ಮೇಲೆ ಆ ಖಾಲಿ ಊರಿನ ಹೊಗೆ ಸಾಲಾಗಿ ಏಳುವುದು ಕಾಣುತ್ತಿತ್ತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಹಾಳೂರಿಗೆ ಉಳಿದಾಂವನ ಗೌಡ ಅಂತಾರ. ಇಂವಾ ಹಾಳೂರ ಹುಡುಕ್ಕೊಂಡ ಹೋಗಿ ಗೌಡ ಆದ" ಎಂದರು. ಆ ಮಾತು ಬಾಯಿಂದ ಬಾಯಿಗೆ ಹೋಗಿ ಅವರು ಎಲ್ಲರಿಗೂ ಹಾಳೂರ ಗೌಡರಾದರು. ಕರೆದರೆ ಓಗೊಡುತ್ತಲೂ ಇದ್ದರು.

ಒಂದು ಯುಗಾದಿಗೆ ನಮ್ಮವರೂ ನಾನೂ ಗಾಡಿ ಕಟ್ಟಿಕೊಂಡು ಅವರ ಊರಿಗೆ ಹೋದೆವು. ಕಾಕಾ ಖಾಲಿ ಓಣಿಯಲ್ಲಿ ಮುಂದೆ ಮುಂದೆ ನಡೆಯುತ್ತ, ಇದು ಬಡಿಗ್ಯಾರದು, ಇದು ಕುಂಬಾರರದು, ಇಲ್ಲಿ ಸಾಲಿ, ಎಂದು ತೋರಿಸಿದರು. ಬಡಿಗೇರ ಎಲ್ಲಿದ್ದಾನೆ ಎಂದರೆ "ಬರ್ತಾನ" ಎಂದರು. ನಮ್ಮವರು ನಗು ತಡೆಯಲು ಕೆಮ್ಮಿದರು. ಗಂಗವ್ವ ಹೋಳಿಗೆ ಮಾಡಿದ್ದಳು. ಗಂಡ ಮಾತಿನ ಮಲ್ಲ, ಅವಳು ಮೆಲುದನಿಯವಳು. ಊಟವಾದ ಮೇಲೆ ನನ್ನನ್ನು ಬದಿಗೆ ಕರೆದು ಪಕ್ಕದ ಮನೆ ತೋರಿಸಿದಳು. ಅದರ ಕಟ್ಟೆಯನ್ನು ಸೆಗಣಿಯಿಂದ ಸಾರಿಸಿ ರಂಗೋಲಿ ಹಾಕಿದ್ದಳು.

"ಅವರಿಗೇನ್ರೆವ್ವಾ, ಊರ ತುಂಬಬೇಕು. ನನಗ ಈ ಮಗ್ಗಲ ಮನಿ ಒಂದ ತುಂಬಿದ್ರ ಸಾಕು. ಜಗಳಾಡಾಕರ ಒಬ್ಬಾಕಿ ಬೇಕ್ರಿ. ಈಗ ಸಾಸಿವಿ ಇಲ್ಲಂದ್ರ ಯಾರ್‍ನ ಕೇಳ್ಲಿ? ಮಾತಾಡಿ ಮಾತಾಡಿ ಎತ್ತಿಗೂ ನನ್ನ ಮಾತು ಬ್ಯಾಸರಾಗೈತಿ" ಎಂದು ನಕ್ಕಳು. ನಾನೂ ನಕ್ಕೆ.

ಒಂದು ವಿಷಯ ನಮಗೆ ಬೇಗ ತಿಳಿಯಿತು. ಮನೆಯ ಒಲೆಯ ಕೆಂಡವನ್ನು ರಾತ್ರಿ ಬೂದಿ ಮುಚ್ಚಿಟ್ಟರೆ ಮರುದಿನಕ್ಕೆ ಬರುತ್ತದೆ. ಹಾಗಾಗಿ ಕಾಕಾ ನಮ್ಮಲ್ಲಿಗೆ ಕೆಂಡಕ್ಕೆ ಬಂದರೆಂದರೆ ಅವರ ಒಲೆ ಆರಿದೆ, ಒಲೆ ನೋಡುವವರಿಬ್ಬರೂ ಜ್ವರದಲ್ಲಿ ಮಲಗಿ ಎದ್ದಿದ್ದಾರೆ ಎಂದು ಅರ್ಥ. ಕಣ್ಣು ಅರಿಸಿನವಾಗಿ, ತುಟಿ ಒಡೆದು, ಕಂಬಳಿ ಹೊದ್ದು ಗಡಿಗೆ ಹಿಡಿದು ನಿಲ್ಲುತ್ತಿದ್ದರು. ಅತ್ತೆ ಬೈಯುತ್ತ ಕಿರಾತಕಡ್ಡಿಯ ಕಷಾಯ ಕುಡಿಸುತ್ತಿದ್ದರು, ನಾನು ಆಗ ಅಂಚೆಯವನೇ ಮಾರುತ್ತಿದ್ದ ಕ್ವಿನೈನ್ ಪುಡಿ ಕೊಡುತ್ತಿದ್ದೆ. "ಗಂಗವ್ವನ್ನರ ಇಲ್ಲಿ ತಂದ ಬಿಡೋ, ಸಂಕ್ರಾಂತಿ ಮುಗದ ಮ್ಯಾಲ ಕರಕೊಂಡ ಹೋಗು" ಎಂದು ಅತ್ತೆ ಪ್ರತಿ ವರ್ಷ ಹೇಳುವರು. "ಆಕಿ ಬಂದ್ರ ಊರಾಗ ಯಾರ ಇರ್ತಾರ್ರಿ?" ಎಂದು ಇವರು ಪ್ರತಿ ವರ್ಷ ಕೇಳುವರು.

ಮೂರು ನಾಲ್ಕು ಮಳೆಗಾಲ ಕಳೆದ ಮೇಲೆ ಒಂದು ದಿನ ಕಾಕಾ ಗಡಿಗೆಯಿಲ್ಲದೆ, ಬಿಳಿ ರುಮಾಲು ಸುತ್ತಿ, ಓಡೋಡಿ ಬಂದರು. "ಇವತ್ತ ಒಂದ ಮನಿ ಒಲಿ ನಾ ಹಚ್ಚಲಿಲ್ಲ ತಂಗಿ!" ಎಂದರು. ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನವಲಗುಂದದ ಕಡೆಯ ಈರಪ್ಪ ಎಂಬ ಹುಡುಗ, ಹೆಂಡತಿ ಶಾಂತವ್ವ, ತೊಡೆಯ ಮೇಲಿನ ಕೂಸು, ಸಂತೆಯಲ್ಲಿ ಇವರ ಕೂಗು ಕೇಳಿ ಬಂದಿದ್ದರು. ಕಾಕಾ ಅವರಿಗೆ ಮಗ್ಗುಲ ಮನೆಯನ್ನೇ ಕೊಟ್ಟಿದ್ದರು. ಊರಿನ ಬಾನಿಗಳಲ್ಲೆಲ್ಲ ದೊಡ್ಡ ಬಾನಿ ಆ ಮನೆಯದು. ಶಾಂತವ್ವ ಬಾಯಿಬಡಕಿ, ಬಂದ ದಿನವೇ ಗಂಗವ್ವನ ಸಂಗಡ ಕೋಳಿಯ ವಿಷಯಕ್ಕೆ ಜಗಳ ತೆಗೆದಳಂತೆ. ಗಂಗವ್ವ ಅದನ್ನು ಹಬ್ಬದ ಸುದ್ದಿಯ ಹಾಗೆ ನನಗೆ ಹೇಳಿ ಕಳಿಸಿದ್ದಳು.

ನವರಾತ್ರಿ ದಾಟುವ ಮೊದಲೇ ಕೂಸಿಗೆ ಚಳಿ ಬಂತು. ಕಾಕಾ ಅದನ್ನು ಎದೆಗವಚಿಕೊಂಡು ನಮ್ಮ ಮನೆಗೆ ತಂದರು. ಅಂಗಳ ಮುಟ್ಟುವಷ್ಟರಲ್ಲಿ ಅದರ ಜೀವ ಹೋಗಿತ್ತು. ಈರಪ್ಪ ಗಾಡಿ ಕಟ್ಟಿದ. ಶಾಂತವ್ವ ಹೊರಡುವ ಮುನ್ನ ಒಳಗೆ ಹೋಗಿ, ಉರಿಯುತ್ತಿದ್ದ ಒಲೆಗೆ ಕೊಡ ನೀರು ಸುರಿದು, ಕೊಡವನ್ನು ಅಲ್ಲೇ ಬಿಸಾಕಿ ಬಂದಳಂತೆ. ನಮ್ಮಲ್ಲಿ ವೈರಿಯ ಒಲೆಗೂ ಯಾರೂ ನೀರು ಹಾಕುವುದಿಲ್ಲ. ಕಾಕಾ ಆ ಒಲೆಯ ಕೆಸರು ಬಳಿದು, ಒಣಗಿಸಿ, ಮತ್ತೆ ಮಣ್ಣು ಹಚ್ಚಿ, ವಾರದೊಳಗೆ ಮತ್ತೆ ಬೆಂಕಿ ಮಾಡಿದರು. ಬಾನಿಯನ್ನೂ ತುಂಬಿದರು.

ಆಮೇಲೆ ದೊಡ್ಡ ಯುದ್ಧ ಸುರುವಾಯಿತು. ಜಾವಾದ ಕಡೆಯಿಂದ ಬರುವ ಕ್ವಿನೈನ್ ನಿಂತಿದೆ ಎಂದು ಅಂಚೆಯವನು ಕೈಯಲ್ಲಾಡಿಸಿದ. ಆ ವರ್ಷಗಳಲ್ಲಿಯೇ ನನ್ನ ಅತ್ತೆ ಹೋದರು, ಗಂಗವ್ವನೂ ಹೋದಳು. ಗಂಗವ್ವನ ಜ್ವರ ತಲೆಗೇರಿದ್ದು ಕೇಳಿ ನಾನು ಹೋಗಿದ್ದೆ. ನನ್ನ ಗುರುತು ಹತ್ತಲಿಲ್ಲ ಅವಳಿಗೆ. ಶಾಂತವ್ವ ಎಂದುಕೊಂಡಳೋ ಏನೋ, ಕೈ ಹಿಡಿದು, "ನಿನ್ನ ಕೋಳಿ ಬಂದಿದ್ರ ಬಂದಾವ, ಬಿಡ. ಹೋಗಬ್ಯಾಡ" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಮಗ್ಗಲ ಮನಿ ಒಲಿ ಹಚ್ಚೀರೇನ್ರಿ?" ಎಂದು ಕೇಳಿದಳು. "ಹಚ್ಚೀನಿ" ಎಂದರು ಕಾಕಾ. ಅವಳನ್ನು ಮಣ್ಣು ಮಾಡಿದ ಮರುದಿನವೂ ನಮ್ಮ ಹಿತ್ತಲಿಂದ ನೋಡಿದರೆ ಹೊಗೆ ಸಾಲಾಗಿ ಏಳುತ್ತಿತ್ತು. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ. ಸತ್ತವಳಿಗಾಗಿ ಅಲ್ಲ, ಆ ಹೊಗೆ ನೋಡಿ.

ಯುದ್ಧ ಮುಗಿಯುವ ಸುಮಾರಿಗೆ ಮಲೇರಿಯಾ ಇನ್‌ಸ್ಪೆಕ್ಟರ್ ಎಂದು ಒಬ್ಬ ಹುಡುಗ ಬಂದ. ಖಾಕಿ ಚಡ್ಡಿ, ಹೆಗಲಿಗೆ ಚೀಲ, ಅದರಲ್ಲಿ ಗಾಜಿನ ನಳಿಗೆಗಳು, ಕೈಯಲ್ಲಿ ಉದ್ದ ಹಿಡಿಕೆಯ ಬಿಳಿ ಸೌಟು. ನಮ್ಮ ಮನೆಯಲ್ಲಿ ಉಂಡು, ಹಾಳುಬಿದ್ದ ಊರು ನೋಡಬೇಕೆಂದ. ನಮ್ಮವರು ಜೊತೆಗೆ ಹೋದರು. ಅಲ್ಲಿ ನಡೆದದ್ದನ್ನು ಅವರು ಹೇಳಿದಂತೆ ಬರೆಯುತ್ತಿದ್ದೇನೆ.

ಊರವರು ಗೌಡ ಎನ್ನುವುದು ಕೇಳಿದ್ದ ಆ ಹುಡುಗ, ಗೇಲಿ ಎಂದು ತಿಳಿಯದೆ, ಕೈ ಮುಗಿದು "ನಮಸ್ಕಾರ್ರಿ ಗೌಡ್ರ" ಎಂದನಂತೆ. ಕಾಕಾ ಹಿಗ್ಗಿ ಮೀಸೆಗೆ ಕೈ ಹಾಕಿದರಂತೆ. ಮನೆ ಮನೆ ತೋರಿಸಿದರು, ಒಲೆ ತೋರಿಸಿದರು, ತುಂಬಿದ ಬಾನಿ ತೋರಿಸಿದರು. "ಯಾರ ಬಂದ್ರೂ ನೀರಿಗೆ ಕಡಿಮಿ ಇಲ್ಲ ನೋಡ್ರಿ ಸಾಹೇಬ್ರ." ಹುಡುಗ ಬಾಗಿ ಬಾನಿಯ ನೀರಲ್ಲಿ ಸೌಟು ಅದ್ದಿ ಎತ್ತಿದ. ಬಿಳಿ ಸೌಟಿನಲ್ಲಿ ಕೂದಲಿನಂಥ ಹುಳುಗಳು ಮಿಸುಕುತ್ತಿದ್ದವು.

"ಇವ ನೋಡ್ರಿ ಗೌಡ್ರ. ಇವ ಸೊಳ್ಳಿ ಆಗ್ತಾವ, ಸೊಳ್ಳಿ ಕಡದ ಚಳಿಜ್ವರ ಬರ್ತೈತಿ. ನಿಂತ ನೀರ ಇಡಬಾರ್ದು."

"ಇವು… ನಾ ಹಾಕಿದ ನೀರಿನ್ಯಾಗ?"

"ನಿಮ್ಮದಷ್ಟ ಅಲ್ರಿ. ಹಳ್ಳದ ದಂಡಿ, ಕಾಡಾಗಿನ ತೊರಿ, ಎಲ್ಲಾ ಕಡೆ ಇರ್ತಾವ. ನೀವ ಬರೂಕಿಂತ ಮೊದ್ಲನೂ ಇದ್ದು. ಆದ್ರ ಇವು ಮನಿ ಬಾಗಲ್ದಾಗ ಅದಾವ ನೋಡ್ರಿ."

ಹುಡುಗ ಒಳ್ಳೆಯವನೇ. ಹಳ್ಳ, ತೊರೆ, ಮೊದಲಿನಿಂದಲೂ ಇದ್ದ ಜ್ವರ, ಎಲ್ಲ ಹೇಳಿದ. ಕಾಕಾ ಅದ್ಯಾವುದನ್ನೂ ಕೇಳಲಿಲ್ಲ. ಅವರು ಮಗ್ಗುಲ ಮನೆಯ ಅಂಗಳಕ್ಕೆ ಹೋಗಿ ಆ ದೊಡ್ಡ ಬಾನಿಯ ಮುಂದೆ ಕೂತರು. ಕಲ್ಲುಬಾನಿಯನ್ನು ಉರುಳಿಸಲಾಗುವುದಿಲ್ಲ. ಬೊಗಸೆಯಿಂದ ನೀರು ಎತ್ತಿ ಚೆಲ್ಲತೊಡಗಿದರು. ನಮ್ಮವರು ಕೊಡ ತಂದುಕೊಟ್ಟರೂ ಮುಟ್ಟಲಿಲ್ಲ. ತಳದಲ್ಲಿ ಸ್ವಲ್ಪ ಉಳಿದಾಗ ತಲೆಯ ರುಮಾಲು ಬಿಚ್ಚಿ, ಅದರಿಂದ ಬಾನಿಯನ್ನು ಒರೆಸಿದರು. ಒರೆಸಿ, ಹಿಂಡಿ, ಮತ್ತೆ ಒರೆಸಿದರು. "ಆಕೀ ಕೂಸು" ಎಂದರು. ರುಮಾಲು ಮತ್ತೊಮ್ಮೆ ಹಿಂಡಿ, "ಗಂಗಾ" ಎಂದರು. ಇಷ್ಟನ್ನು ಹೇಳಿ ನಮ್ಮವರು ಅಂದು ಊಟಕ್ಕೆ ಕೂಡಲಿಲ್ಲ.

ಆ ಹುಡುಗನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನು ಸುಳ್ಳು ಹೇಳಲಿಲ್ಲ, ಅದಕ್ಕೇ ಸಿಟ್ಟು. ಇನ್ನೂ ಹೆಚ್ಚಿನ ಸಿಟ್ಟು ದೇವರ ಮೇಲಿದೆ. ಏಕೆಂದರೆ ಮರುವರ್ಷವೇ ಬೆನ್ನಿಗೆ ಡಬ್ಬಿ ಕಟ್ಟಿಕೊಂಡ ಮಂದಿ ಬಂದು ಮನೆಮನೆಯ ಗೋಡೆಗೆ ಔಷಧ ಹೊಡೆದರು, ಮತ್ತೊಂದೆರಡು ವರ್ಷದಲ್ಲಿ ಚಳಿಜ್ವರ ಕತೆಯ ಮಾತಾಯಿತು. ಜೇನಕೊಪ್ಪಕ್ಕೆ ಜನ ತಾವಾಗಿ ಬಂದರು. ಈಗ ಅಲ್ಲಿ ಬಡಿಗೇರನಿದ್ದಾನೆ, ಸಾಲೆ ಇದೆ, ಖರೇ ಗೌಡರೂ ಇದ್ದಾರೆ. ಬಾಡಿಗೆಗೆ ಕೇಳಿದರೂ ಒಂದು ಮನೆ ಖಾಲಿ ಸಿಗುವುದಿಲ್ಲ. ನಿಂಗಪ್ಪ ಎಂದರೆ ಯಾವ ನಿಂಗಪ್ಪ ಎನ್ನುತ್ತಾರೆ. ನಮ್ಮವರು ಎರಡು ಸಲ ದಾಂಡೇಲಿಗೆ ಹೋಗಿ ಡಿಪೋದಲ್ಲಿ ವಿಚಾರಿಸಿದರು. ಅಲ್ಲಿಯೂ ಯಾರಿಗೂ ಗೊತ್ತಿರಲಿಲ್ಲ.

ದಾಂಡೇಲಿಯಲ್ಲಿ ವಿಚಾರಿಸಿದ್ದು ಅವರೇ ಹಾಗೆ ಹೇಳಿ ಹೋಗಿದ್ದರಿಂದ. ಇನ್‌ಸ್ಪೆಕ್ಟರ್ ಬಂದುಹೋದ ಮೇಲೆ ಹಾಳೂರಿನ ಹೊಗೆ ಒಂದೇ ಎಳೆಯಾಗಿತ್ತು, ಅವರ ಮನೆಯದು ಮಾತ್ರ. ಹೀಗೇ ಕೆಲವು ವಾರ ಕಳೆಯಿತು. ಒಂದು ಮುಂಜಾನೆ ನಾನು ಅಂಗಳ ಸಾರಿಸುತ್ತಿದ್ದಾಗ ಬಂದು ನಿಂತರು. ಕೈಯಲ್ಲಿ ಅದೇ ಕಂಠ ಒಡೆದ ಗಡಿಗೆ. ಮೀಸೆ ಎರಡೂ ಕಡೆ ಸಮವಾಗಿ ಬೆಳೆದಿತ್ತು. ಮುಖವೇ ಬೇರೆ ಯಾರದೋ ಅನ್ನಿಸಿತು. ಕೆಂಡಕ್ಕೆ ಬಂದರೆಂದು ನಾನು ಇಕ್ಕಳ ತರಲು ಎದ್ದೆ.

"ಬ್ಯಾಡ ತಂಗಿ" ಎಂದು ಗಡಿಗೆಯನ್ನು ಕಟ್ಟೆಯ ಮೇಲಿಟ್ಟರು. ಬೂದಿಯ ಕೆಳಗೆ ಕೆಂಡ ಕೆಂಪಗಿತ್ತು. "ಇದು ನಿಮ್ಮ ಮನಿ ಬೆಂಕಿ. ಹಿರ್‍ಯಾಕಿ ಕೊಟ್ಟಿದ್ದು. ನಿಮ್ಮ ಒಲ್ಯಾಗ ಹಾಕ್ಕೊಂಡಬಿಡು. ಆರಸೂಣು ಅಂತ ತಂಬಿಗಿ ಹಿಡಕೊಂಡ ಕುಂತಿದ್ದೆ. ನನ್ನ ಕೈಲೆ ಆಗಲಿಲ್ಲ."

"ಎಲ್ಲಿಗೆ ಹೊಂಟೀರಿ ಕಾಕಾ?"

"ದಾಂಡೇಲಿಗೆ. ಡಿಪೋದಾಗ ಕಟ್ಟಿಗಿ ಹೊರಾಕ ಮಂದಿ ಬೇಕಂತ."

"ಈಗ, ಈ ವಯಸ್ಸಿನ್ಯಾಗ?"

"ಹಿಂಗಾರೀನೂ ಹ್ವಾತಲ್ಲ ತಂಗಿ" ಎಂದರು. ಅಳುತ್ತಿರಲಿಲ್ಲ. ಪೇಟೆಯ ಧಾರಣೆ ಹೇಳುವವರ ಹಾಗೆ ಹೇಳಿದರು.

"ಇಲ್ಲೇ ಇರ್ರಿ ಕಾಕಾ. ನಮ್ಮ ಹಿತ್ತಲ ಮನಿ ಖಾಲಿನ ಐತಿ."

"ಖಾಲಿ ಮನಿ ಸಾಕಾಗ್ಯಾವ ತಂಗಿ."

ನಾನು ಒಳಗೆ ಹೋಗಿ ಬೆಲ್ಲ, ತಂಬಿಗೆ ನೀರು ತಂದುಕೊಟ್ಟೆ. ಬೆಲ್ಲ ಬಾಯಿಗೆ ಹಾಕಿಕೊಂಡರು. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ಕುಡಿಯದೆ ಕಟ್ಟೆಯ ಮೇಲೆ, ಗಡಿಗೆಯ ಪಕ್ಕದಲ್ಲಿ, ಮೆಲ್ಲಗೆ ಇಟ್ಟು ಎದ್ದರು. ಬೇಲಿಯವರೆಗೆ ನಾನೂ ಹೋದೆ. ಅಲ್ಲಿ ನಿಂತು, ತಿರುಗಿ, ನನ್ನ ತಲೆಯ ಮೇಲೆ ಕೈಯಿಟ್ಟರು. ಈಗ ಹೇಳುತ್ತಾರೆ, ಬರ್ರಿ ನಮ್ಮೂರಿಗೆ ಎನ್ನುತ್ತಾರೆ ಎಂದು ನಾನು ಅವರ ಬಾಯಿಯನ್ನೇ ನೋಡುತ್ತ ನಿಂತೆ. ಅವರು ಕೈ ತೆಗೆದುಕೊಂಡು ರಸ್ತೆಗಿಳಿದರು. ನಾನು ಹಿಂತಿರುಗಿ ಬಂದಾಗ ಗಡಿಗೆ ಇನ್ನೂ ಬಿಸಿಯಾಗಿತ್ತು.